ಚಂದ್ರನಿಗೆ ನಾಲ್ಕು ತೂತು

ಅನನ್ಯಾ, ರೋಹನ್,

ಹೋದ ವಾರ ಪಕ್ಕದ ಮನೆಯವರ ಪ್ಲಾಸ್ಟಿಕ್ ಡಬ್ಬಿ ವಾಪಸ್ ಕೊಟ್ಟು ಬನ್ನಿ ಅಂದಾಗ ನೀವಿಬ್ಬರೂ ನನ್ನನ್ನು ನೋಡಿ ನಕ್ಕಿರಿ. ಡಬ್ಬಿಯೊಳಗೆ ನಾನು ಒಂಬತ್ತು ರವೆಉಂಡೆ ಇಟ್ಟಿದ್ದೆ.

"ಅಜ್ಜಿ, ಇಟ್ಸ್ ಜಸ್ಟ್ ಎ ಬಾಕ್ಸ್! ಖಾಲಿ ಕೊಟ್ರೆ ಏನಾಗತ್ತೆ?" ಎಂದು ಅನನ್ಯಾ ಕೇಳಿದಳು.

ಏನಾಗುತ್ತದೆ ಎಂದು ನನಗೂ ಗೊತ್ತಿಲ್ಲ ಮಕ್ಕಳೇ. ಯಾವತ್ತೂ ಖಾಲಿ ಕೊಟ್ಟು ನೋಡಿಲ್ಲ. ತುಂಬಿ ಕೊಟ್ಟರೆ ಏನಾಗುತ್ತದೆ ಎಂಬುದು ಮಾತ್ರ ಬಹಳ ಚೆನ್ನಾಗಿ ಗೊತ್ತು. ಅದನ್ನು ನಿಮ್ಮೆದುರು ಕೂತು ಹೇಳಲು ನಾಚಿಕೆ. ಆದ್ದರಿಂದ ಬರೆಯುತ್ತಿದ್ದೇನೆ. ಓದಲು ಕಷ್ಟವಾದರೆ ನಿಮ್ಮಮ್ಮನ ಕೈಲಿ ಓದಿಸಿಕೊಳ್ಳಿ.

ನಿಮ್ಮಮ್ಮ ಇನ್ನೂ ಹುಟ್ಟಿರಲಿಲ್ಲ. ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಿಮ್ಮ ತಾತ ಅಮೆರಿಕದ ಆನ್ ಆರ್ಬರ್‌ನಲ್ಲಿ ಪಿಎಚ್.ಡಿ. ಮಾಡುತ್ತಿದ್ದರು. ಮದುವೆಯಾದ ವಿದ್ಯಾರ್ಥಿಗಳಿಗೆ ಯೂನಿವರ್ಸಿಟಿಯವರು ಕೊಡುತ್ತಿದ್ದ ಪುಟ್ಟ ಮನೆಗಳಲ್ಲಿ ಒಂದು ನಮ್ಮದು, ಎರಡನೇ ಮಹಡಿ. ನಾನು ನಾಗಮಂಗಲದ ಕಡೆಯ ಹಳ್ಳಿಯ ಶಾಲೆಯಲ್ಲಿ ಏಳನೇ ಕ್ಲಾಸು ಪಾಸಾದವಳು. ಇಂಗ್ಲಿಷ್ ಬರುತ್ತಿರಲಿಲ್ಲ. ಬಾಗಿಲು ಯಾರಾದರೂ ತಟ್ಟಿದರೆ ಬಚ್ಚಲಲ್ಲಿ ಅಡಗಿಕೊಳ್ಳುತ್ತಿದ್ದೆ. ಆದರೆ ಒಂದು ವಿಷಯದಲ್ಲಿ ನನಗೆ ಸಂಪೂರ್ಣ ಆತ್ಮವಿಶ್ವಾಸವಿತ್ತು. ಯಾವ ಪಾತ್ರೆ, ಯಾವ ಪದಾರ್ಥ ಕೊಟ್ಟರೂ ಸರಿ, ತೊಳೆದು ಫಳಫಳ ಹೊಳೆಸಬಲ್ಲೆ! ನಮ್ಮೂರಲ್ಲಿ ಈ ವಿಷಯದಲ್ಲಿ ನನಗೆ ಹೆಸರಿತ್ತು.

ಆ ಚಳಿಗಾಲದಲ್ಲಿ ನನಗಿದ್ದ ಗೆಳತಿ ಒಬ್ಬಳೇ. ಎದುರು ಬಾಗಿಲಿನ ಮಿಚಿಕೋ. ಜಪಾನಿನವಳು. ಅವಳ ಗಂಡನೂ ಅಲ್ಲೇ ಸಂಶೋಧನೆ ಮಾಡುತ್ತಿದ್ದರು. ಅವಳ ಇಂಗ್ಲಿಷು, ನನ್ನ ಇಂಗ್ಲಿಷು ಎರಡನ್ನೂ ಸೇರಿಸಿದರೂ ಒಂದು ಪೂರ್ತಿ ವಾಕ್ಯ ಆಗುತ್ತಿರಲಿಲ್ಲ. ಅವಳು ಬಗ್ಗುತ್ತಿದ್ದಳು, ನಾನು ಕೈ ಮುಗಿಯುತ್ತಿದ್ದೆ. ನಾನು ಮುಗಿದದ್ದಕ್ಕೆ ಅವಳು ಮತ್ತೆ ಬಗ್ಗುತ್ತಿದ್ದಳು. ಹೀಗೆ ಕಾರಿಡಾರಿನಲ್ಲಿ ಐದು ನಿಮಿಷ ಆರಾಮವಾಗಿ ಕಳೆಯುತ್ತಿತ್ತು. ಅಷ್ಟೇ ಸಾಕಾಗಿತ್ತು ನನಗೆ. ದಿನಕ್ಕೆ ಒಬ್ಬರಾದರೂ ನನ್ನ ಮುಖ ನೋಡಿ ನಕ್ಕರೆ ಆ ದಿನ ಊರಿನ ನೆನಪು ಸ್ವಲ್ಪ ಕಡಿಮೆಯಾಗುತ್ತಿತ್ತು.

ಒಂದು ದಿನ ಮಿಚಿಕೋ ಬಟ್ಟೆಯಲ್ಲಿ ಸುತ್ತಿದ ಏನನ್ನೋ ಎರಡೂ ಕೈಯಲ್ಲಿ ಹಿಡಿದು ತಂದಳು. "ಪ್ಲೀಸ್. ಯೂ ಈಟ್," ಎಂದು ಕೊಟ್ಟು, ಬಗ್ಗಿ, ಹೊರಟುಹೋದಳು.

ಬಿಚ್ಚಿದರೆ ಒಂದು ಕರಿ ಡಬ್ಬಿ. ನಮ್ಮ ಕಡೆಯ ಎಲೆಯಡಿಕೆ ಡಬ್ಬಿಗಿಂತ ಸ್ವಲ್ಪ ದೊಡ್ಡದು. ಒಳಗೆ ಅಕ್ಕಿಹಿಟ್ಟಿನ ಉಂಡೆ, ಅದರೊಳಗೆ ಕೆಂಪು ಕಾಳಿನ ಹೂರಣ.

"ಅದ್ರೊಳಗೆ ಮೀನಿದ್ರೆ?" ನಿಮ್ಮ ತಾತ ಮಾರು ದೂರ ನಿಂತು ಕೇಳಿದರು.

"ಕಡುಬಿನ ಥರ ಇದೆ ಕಣ್ರೀ. ತಿಂದು ನೋಡಿ."

"ಮೊದ್ಲು ನೀನು ತಿನ್ನು. ಹತ್ತು ನಿಮಿಷ ನೋಡ್ತೀನಿ."

ಹತ್ತು ನಿಮಿಷದಲ್ಲಿ ನಾನು ಐದು ತಿಂದಿದ್ದೆ. ಉಳಿದ ಒಂದನ್ನು ತಿಂದ ಮೇಲೆ, ಕಾದದ್ದಕ್ಕೆ ಅವರು ಬಹಳ ಪಶ್ಚಾತ್ತಾಪಪಟ್ಟರು.

ಆದರೆ ನನ್ನ ಕಣ್ಣೆಲ್ಲ ಡಬ್ಬಿಯ ಮೇಲೆಯೇ. ಆ ಕಪ್ಪು ಎಂಥ ಕಪ್ಪು ಅಂತೀರಿ! ಈಗ ತಾನೇ ನೀರಿನಿಂದ ಎತ್ತಿದ ಹಾಗೆ. ಮುಚ್ಚಳದ ಮೇಲೆ ಎರಡು ಕೊಕ್ಕರೆಗಳು ಹಾರುತ್ತಿದ್ದವು, ಕೆಳಗೆ ಜೊಂಡು, ನೀರಿನ ಅಲೆ. ಕೊಕ್ಕರೆಗಳ ಮೈಯೆಲ್ಲ ಹೊಳೆಯುವ ಸಣ್ಣ ಸಣ್ಣ ಚೂರುಗಳು. ಹೀಗೆ ಓರೆ ಮಾಡಿದರೆ ಹಸಿರು, ಹಾಗೆ ಓರೆ ಮಾಡಿದರೆ ಗುಲಾಬಿ. ಕಿಟಕಿಯ ಹತ್ತಿರ ಒಯ್ದರೆ ನವಿಲುಗರಿಯ ನೀಲಿ. ಬಣ್ಣ ಎಲ್ಲಿಂದ ಬರುತ್ತದೆ? ಉಗುರಿನಿಂದ ತಟ್ಟಿದೆ. ಕಲ್ಲಲ್ಲ. ಮೂಸಿದೆ. ಚನ್ನಪಟ್ಟಣದ ಗೊಂಬೆಯ ಅರಗಿನ ಹಾಗಿತ್ತು, ಆದರೆ ಅರಗಿನ ವಾಸನೆ ಇಲ್ಲ. ಒಂದು ರೆಕ್ಕೆಯಲ್ಲಿರುವ ಚೂರುಗಳನ್ನು ಎಣಿಸಿದೆ. ನಲವತ್ತೊಂದು! ಮನೆಗೆಲಸ ಬಿಟ್ಟು ಮಧ್ಯಾಹ್ನವೆಲ್ಲ ಅದನ್ನು ಓರೆ ಮಾಡುತ್ತಾ ಕೂತಿದ್ದೆ. ಅನ್ನ ಸೀದಿತು.

ಇಂಥ ಡಬ್ಬಿಯನ್ನು ಖಾಲಿ ಹಿಂತಿರುಗಿಸುವುದುಂಟೇ? ಕೊಬ್ಬರಿ ಮಿಠಾಯಿ ತುಂಬಿ ಕೊಟ್ಟೆ. ನಾಲ್ಕು ದಿನಕ್ಕೆ ಡಬ್ಬಿ ವಾಪಸ್ ಬಂತು, ಒಳಗೆ ಉಪ್ಪಿನಲ್ಲಿ ಹಾಕಿದ ಮೂಲಂಗಿ! ನಾನು ಚಕ್ಕುಲಿ ತುಂಬಿದೆ. ಅವಳು ಕಪ್ಪು ಕಾಗದದಂಥ ಸಮುದ್ರದ ಸೊಪ್ಪು ಸುತ್ತಿದ ಬಿಸ್ಕತ್ತು ತುಂಬಿದಳು. ಆಮೇಲೆ ತಿಳಿಯಿತು, ಖಾಲಿ ಡಬ್ಬಿ ವಾಪಸ್ ಕೊಡಬಾರದೆಂಬ ಪದ್ಧತಿ ಅವಳ ಊರಲ್ಲೂ ಇದೆ ಅಂತ. ಅಲ್ಲಿಗೆ ಮುಗಿಯಿತು. ಎರಡು ಕಡೆಯೂ ಸೋಲುವವರಿಲ್ಲ. ಡಿಸೆಂಬರಿನಿಂದ ಮಾರ್ಚಿನವರೆಗೆ ಆ ಡಬ್ಬಿ ಕಾರಿಡಾರಿನಲ್ಲಿ ಅಂಚೆಯವನಿಗಿಂತ ಹೆಚ್ಚು ಓಡಾಡಿತು.

ಆಗ ನಾನು ಪುಳಿಯೋಗರೆ ಮಾಡಿದೆ.

ಊರಿನಿಂದ ಟ್ರಂಕಿನಲ್ಲಿ ತಂದಿದ್ದ ಗಟ್ಟಿ ಇಂಗು. ಧಾರಾಳವಾಗಿ ಹಾಕಿದ್ದೆ, ಗೆಳತಿಗಲ್ಲವೇ! ಬಿಸಿಬಿಸಿಯಾಗಿ ತುಂಬಿ ಕೊಟ್ಟೆ. ಒಂದು ವಾರದ ಮೇಲೆ, ಸೋಮವಾರ, ಡಬ್ಬಿ ಬಂತು. ಒಳಗೆ ಬಿಳಿಯ ಸಿಹಿ ಉಂಡೆಗಳು. ಬಾಯಿಗೆ ಹಾಕಿಕೊಂಡೆ. ಇಂಗು! ಡಬ್ಬಿ ಮೂಸಿದೆ. ಇಂಗು! ಅವಳು ಸುತ್ತಿ ತಂದ ಬಟ್ಟೆ ಮೂಸಿದೆ. ಅದೂ ಇಂಗು!

ಪಾಪ, ಮಿಚಿಕೋ ವಾಸನೆಯ ಮಾತೇ ಎತ್ತಲಿಲ್ಲ. ಬಾಗಿಲಲ್ಲೇ ನಿಂತು, ಪದಕ್ಕೊಂದು ಬೆರಳು ಮಡಚಿ ಹೇಳಿದಳು. "ಸ್ಯಾಟರ್ಡೇ. ಟೀ. ಪ್ರೊಫೆಸರ್ ಕಮಿಂಗ್. ಯೂ ಅಂಡ್ ಹಸ್ಬೆಂಡ್, ಪ್ಲೀಸ್. ಅಂಡ್ ಬಾಕ್ಸ್." ಆಮೇಲೆ ಡಬ್ಬಿಯನ್ನು ತೋರಿಸಿ, ಎದೆಯ ಮೇಲೆ ಕೈ ಇಟ್ಟುಕೊಂಡು, "ಗ್ರ್ಯಾಂಡ್‌ಮದರ್," ಎಂದಳು.

ಅಜ್ಜಿಯ ಡಬ್ಬಿ! ಅದರಲ್ಲಿ ನಾನು ನಾಲ್ಕು ತಿಂಗಳಿಂದ ಹುಳಿ, ಉಪ್ಪು, ಎಣ್ಣೆ ತುಂಬುತ್ತಿದ್ದೇನೆ! ಶನಿವಾರ ಅವಳ ಗಂಡನ ಪ್ರೊಫೆಸರರ ಮುಂದೆ ಇಂಗಿನ ವಾಸನೆಯ ಡಬ್ಬಿಯಲ್ಲಿ ಸಿಹಿ ಇಟ್ಟರೆ ಅವಳ ಮರ್ಯಾದೆ ಏನಾಗಬೇಕು? ಇನ್ನು ಅವಳು ನನ್ನ ಮುಖ ನೋಡುತ್ತಾಳೆಯೇ?

ಚಿಂತೆಯೇನೂ ಮಾಡಲಿಲ್ಲ. ತೊಳೆಯುವುದರಲ್ಲಿ ನನಗೆ ಹೆಸರಿತ್ತಲ್ಲ! ಹುಣಸೆಹಣ್ಣು ನೆನೆಹಾಕಿ ಒಳಗೂ ಹೊರಗೂ ತಿಕ್ಕಿದೆ. ಅದರ ಮೇಲೆ ಸೀಗೆಪುಡಿ ಹಚ್ಚಿ ಅರ್ಧ ಗಂಟೆ ಬಿಟ್ಟೆ. ಬಿಸಿನೀರು ಸುರಿದೆ. ಹೊರಗೆ ಹಿಮ, ಬಿಸಿಲಿಲ್ಲ. ಆದ್ದರಿಂದ ಹೀಟರಿನ ಮೇಲೆ ಒಣಗಲು ಇಟ್ಟು, ದೊಡ್ಡ ಕೆಲಸ ಮಾಡಿದವಳಂತೆ ಕಾಫಿ ಕುಡಿದೆ.

ಬಂದು ನೋಡುತ್ತೇನೆ, ನೀರಿನಿಂದ ಎತ್ತಿದಂತಿದ್ದ ಕಪ್ಪು ಹೋಗಿ ಸ್ಲೇಟಿನ ಕಪ್ಪು ಬಂದಿತ್ತು! ಗಾಬರಿಯಾಗಿ ಹರಳೆಣ್ಣೆ ಹಚ್ಚಿದೆ. ಹೊಳಪೇನೋ ಬಂತು. ಆದರೆ ಮುಟ್ಟಿದಲ್ಲೆಲ್ಲ ನನ್ನ ಬೆರಳಿನ ಗುರುತು ಮೂಡಿತು. ಛಾಪಾಕಾಗದದ ಮೇಲೆ ಹೆಬ್ಬೆಟ್ಟು ಒತ್ತಿದ ಹಾಗೆ, ಅಪರಾಧಿ ಯಾರೆಂದು ಡಬ್ಬಿಯೇ ಸಾಕ್ಷಿ ಹೇಳುತ್ತಿತ್ತು. ವಾಸನೆ? ಇಂಗು, ಹುಣಸೆ, ಸೀಗೆ, ಹರಳೆಣ್ಣೆ. ಮುಚ್ಚಳ ತೆಗೆದರೆ ಬಾಣಂತಿ ಕೋಣೆ!

ಅದನ್ನೆಲ್ಲ ಒರೆಸುವಾಗ ಕಂಡಿತು. ಕೊಕ್ಕರೆಗಳ ಮೇಲೆ, ಬಲಗಡೆ, ಗುಂಡನೆಯ ಒಂದು ಸಣ್ಣ ಕುಳಿ. ಒಳಗೆ ಸೀಗೆಪುಡಿ ಕಂದುಬಣ್ಣದ ಚುಕ್ಕೆಯಾಗಿ ಕೂತಿತ್ತು. ಕೊಕ್ಕರೆ ಇದೆ, ಜೊಂಡು ಇದೆ, ನೀರಿದೆ, ಮೇಲೆ ಗುಂಡಗೆ ಏನಿರಬೇಕು?

ಚಂದ್ರ! ಜಪಾನಿನ ಚಂದ್ರನನ್ನು ನಾನು ತೊಳೆದುಹಾಕಿದ್ದೆ!

ಸಂಜೆ ನಿಮ್ಮ ತಾತ ಬಂದಾಗ ನಾನು ಸಿಂಕಿನ ಮುಂದೆ ಅಳುತ್ತಾ ನಿಂತಿದ್ದೆ.

"ಏನಾಯ್ತೇ?"

"ಚಂದ್ರ ಪೈಪೊಳಗೆ ಹೋದ."

ಅವರು ನನ್ನ ಹಣೆ ಮುಟ್ಟಿ ನೋಡಿದರು. ವಿಷಯ ತಿಳಿದ ಮೇಲೆ ತೋಳು ಮಡಚಿದರು. "ಇಷ್ಟೇ ತಾನೆ? ನಾನು ಮೆಕ್ಯಾನಿಕಲ್ ಎಂಜಿನಿಯರ್ರು. ಪೈಪ್ ಬಿಚ್ಚೋದು ಎಷ್ಟೊತ್ತಿನ ಕೆಲ್ಸ?"

ಬಿಚ್ಚುವುದು ನಿಜಕ್ಕೂ ಎರಡು ನಿಮಿಷದ ಕೆಲಸ. ಅದರ ಕೆಳಗೆ ಬಕೆಟ್ ಇಡಬೇಕೆಂಬುದು ಅವರ ಪಠ್ಯದಲ್ಲಿ ಇರಲಿಲ್ಲವೆಂದು ಕಾಣುತ್ತದೆ. ಅಡುಗೆಮನೆ ತುಂಬ ನೀರು. ಕೆಳಗಿನ ಮನೆಯವರು ಪೊರಕೆಯಿಂದ ತಾರಸಿಗೆ ಕುಟ್ಟತೊಡಗಿದರು. ನಾವಿಬ್ಬರೂ ಮಂಡಿಯೂರಿ ತನಿಖೆ ಆರಂಭಿಸಿದೆವು. ದೊರೆತ ವಸ್ತುಗಳು: ಸಾಸಿವೆ, ಕರಿಬೇವು, ಒಂದು ಚಮಚ, ಎರಡು ತಿಂಗಳಿಂದ ನಾನು ಹುಡುಕುತ್ತಿದ್ದ ಮೂಗುಬೊಟ್ಟಿನ ತಿರುಪು. ಚಂದ್ರ ಮಾತ್ರ ಇರಲಿಲ್ಲ.

"ಹೋಗಿ ಹೇಳ್ಬಿಡೇ. ಸಾರಿ ಅಂದ್ರೆ ಮುಗೀತು," ಎಂದರು, ಒದ್ದೆ ಪ್ಯಾಂಟು ಹಿಂಡುತ್ತಾ.

"ಅವ್ಳು ಮಾತು ಬಿಟ್ರೆ?"

"ಈಗ ಮಾತೆಲ್ಲಾಡ್ತೀರಿ ನೀವಿಬ್ರೂ? ಬಗ್ಗೋದು, ಏಳೋದು."

ಅವರಿಗೆ ಹೇಗೆ ಅರ್ಥವಾಗಬೇಕು? ಅವರಿಗೆ ಲ್ಯಾಬಿನಲ್ಲಿ ಹತ್ತು ಜನ. ನನಗೆ ಆ ಬಾಗಿಲು ಒಂದೇ. ಮಂಗಳವಾರದಿಂದ ಮೂರು ದಿನ, ಮಿಚಿಕೋ ಹೊರಬರುವ ಸದ್ದು ಕೇಳಿದರೆ ನಾನು ಮತ್ತೆ ಬಚ್ಚಲಿಗೆ ಓಡುತ್ತಿದ್ದೆ. ಚೂರು ಸಿಗದಿದ್ದರೆ ಏನಂತೆ, ಅದು ಯಾವುದರಿಂದ ಮಾಡಿದ್ದು ಎಂದು ತಿಳಿದರೆ ನಾನೇ ಒಂದು ಚಂದ್ರನನ್ನು ಮಾಡಬಾರದೇಕೆ ಎನ್ನಿಸಿತು. ಈ ಯೋಚನೆ ಬಂದಾಗ ನನ್ನ ಬುದ್ಧಿವಂತಿಕೆಗೆ ನಾನೇ ಬೆರಗಾದೆ.

ಶುಕ್ರವಾರ ಅವರನ್ನು ಪೀಡಿಸಿ ಕಾರು ಹೊರಡಿಸಿದೆ. ನಲವತ್ತು ಮೈಲಿ ದೂರದ ಡೆಟ್ರಾಯಿಟಿನಲ್ಲಿ ಒಂದು ದೊಡ್ಡ ಮ್ಯೂಸಿಯಂ ಇತ್ತು. ಅಲ್ಲಿ ಜಪಾನಿನ ಸಾಮಾನುಗಳಿವೆ ಎಂದು ಅವರ ಲ್ಯಾಬಿನವರು ಹೇಳಿದ್ದರಂತೆ. ಗಾಜಿನ ಪೆಟ್ಟಿಗೆಯೊಳಗೆ ಮೂರು ಕರಿ ಡಬ್ಬಿಗಳು. ಒಂದರ ಮೇಲೆ ಹೂಬಳ್ಳಿ, ಒಂದರ ಮೇಲೆ ದೋಣಿ, ಇನ್ನೊಂದರ ಮೇಲೆ ಚಂದ್ರ! ನಾನು ನನ್ನನ್ನೇ ಮರೆತೆ. ಬಗ್ಗಿ ನೋಡಿದೆ, ಕೂತು ನೋಡಿದೆ, ಎಡಕ್ಕೆ ವಾಲಿದೆ. ಹಸಿರು. ಬಲಕ್ಕೆ ವಾಲಿದೆ. ಗುಲಾಬಿ. ಕಾವಲುಗಾರ ಬಂದು ನಿಂತದ್ದೇ ಗೊತ್ತಾಗಲಿಲ್ಲ.

"ಮ್ಯಾಮ್," ಎಂದ ಅವನು ಮೆಲ್ಲಗೆ, "ಯುವರ್ ನೋಸ್."

ಗಾಜಿನ ಮೇಲೆ ನನ್ನ ಮೂಗಿನ ಗುರುತು ಮೂರು ಕಡೆ ಬಿದ್ದಿತ್ತು. ಮೂಗುಬೊಟ್ಟಿನ ಸಮೇತ!

ನಿಮ್ಮ ತಾತ ಪಕ್ಕದ ಚೀಟಿ ಓದಿ ಹೇಳಿದರು. ಆ ಕಪ್ಪು ಬಣ್ಣ ಒಂದು ಮರದ ಹಾಲಂತೆ, ನಮ್ಮ ಹಲಸಿನ ಅಂಟಿನ ಹಾಗೆ ಸೋರುವುದು. ಅದನ್ನು ಒಂದರ ಮೇಲೊಂದು ಬಳಿದು, ಒಣಗಿಸಿ, ಉಜ್ಜಿ, ಮತ್ತೆ ಬಳಿಯುತ್ತಾರಂತೆ. ತಿಂಗಳುಗಟ್ಟಲೆ! ಕೇಳುತ್ತಾ ಕೇಳುತ್ತಾ ನನ್ನ ಸೀಗೆಪುಡಿ ನೆನಪಾಗಿ ಎರಡೂ ಕೈಯನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡೆ.

"ಹೊಳೆಯೋದು ಏನಂತೆ?"

"ಸಮುದ್ರದ ಚಿಪ್ಪು. ಕಾಗದದ ಥರ ತೆಳ್ಳಗೆ ಕತ್ತರಿಸಿ ಕೂರಿಸ್ತಾರೆ. ಅದೇನು ಅಪರೂಪದ್ದಲ್ವೇ. ನಮ್ಮ ಮದುವೆಗೆ ಮೈಸೂರಲ್ಲಿ ಹೊಲಿಸಿದ ಅಂಗಿ ಇದ್ಯಲ್ಲ, ಅದ್ರ ಗುಂಡಿ ಕೂಡ ಚಿಪ್ಪಿಂದೇ."

ಅವರು ಅಷ್ಟು ವಿವರವಾಗಿ ಹೇಳಬಾರದಿತ್ತು.

ಶನಿವಾರ ಬೆಳಿಗ್ಗೆ ಅವರು ಲ್ಯಾಬಿಗೆ ಹೋದ ಕೂಡಲೇ ಟ್ರಂಕು ತೆಗೆದೆ. ಮಧ್ಯಾಹ್ನದ ಟೀಗೆ ಹಾಕಿಕೊಳ್ಳಲೆಂದು ಅವರು ಹೇಳಿಟ್ಟಿದ್ದ ಅಂಗಿಯೂ ಅದೇ. ಇದನ್ನೂ ಆಲೋಚಿಸಿದ್ದೆ! ಕೋಟು ಹಾಕುತ್ತಾರೆ, ಹೊಟ್ಟೆಯ ಹತ್ತಿರದ ಗುಂಡಿ ಯಾರಿಗೆ ಕಾಣುತ್ತದೆ? ಕತ್ತರಿಸಿದೆ. ಕುಳಿಗೆ ಸರಿಯಾಗಿ ಕೂತಿತು. ದೇವರೇ ಅಳತೆ ಕೊಟ್ಟು ಮಾಡಿಸಿದ ಹಾಗಿತ್ತು. ದಪ್ಪ ಮಾತ್ರ ಜಾಸ್ತಿ. ಗಂಧ ತೇಯುವ ಸಾಣೆಕಲ್ಲಿನ ಮೇಲೆ ನೀರು ಹಾಕಿ ತೇಯ್ದೆ. ಒಂದು ಗಂಟೆ ತೇಯ್ದ ಮೇಲೆ ನನ್ನ ಉಗುರು ಬಹಳ ತೆಳ್ಳಗಾಗಿತ್ತು. ಗುಂಡಿ ಹಾಗೇ ಇತ್ತು.

ಇರಲಿ, ಪೂರ್ಣಚಂದ್ರ ಸ್ವಲ್ಪ ಉಬ್ಬಿಯೇ ಇರುತ್ತಾನೆ ಎಂದು ಸಮಾಧಾನ ಮಾಡಿಕೊಂಡು ಅಂಟಿಸಿದೆ. ಆಗ ಗಮನಿಸಿದೆ. ಚಂದ್ರನಿಗೆ ನಾಲ್ಕು ತೂತು!

ಕಣ್ಣಿನ ಕಾಡಿಗೆ ತಂದು ತೂತು ಮುಚ್ಚಿದೆ. ಡಬ್ಬಿಯ ಬಣ್ಣ ಕಪ್ಪು, ಕಾಡಿಗೆಯೂ ಕಪ್ಪು, ಎಂಬ ತರ್ಕ. ಪರಿಣಾಮವಾಗಿ ತೂತುಗಳು ಮೊದಲಿಗಿಂತ ಸ್ಪಷ್ಟವಾಗಿ ಕಂಡವು. ಚಂದ್ರನಲ್ಲಿ ಕಲೆ ಇರುವುದು ಸಹಜವೇ ಅಲ್ಲವೇ? ಒಳಗೆ ಕೊಬ್ಬರಿ ಮಿಠಾಯಿ ತುಂಬಿದೆ. ಎಂಥ ಸಂಕಟದಲ್ಲೂ ಖಾಲಿ ಕೊಡಬಾರದು!

ಮಿಚಿಕೋ ಬಾಗಿಲಲ್ಲಿ ಬಗ್ಗಿದಳು. ಬಟ್ಟೆ ಸುತ್ತಿದ ಡಬ್ಬಿಯನ್ನು ಅವಳ ಕೈಗಿಟ್ಟು ನಾನು ಇನ್ನೂ ಕೆಳಕ್ಕೆ ಬಗ್ಗಿದೆ. ಅಲ್ಲೇ ಹಾಗೇ ಇದ್ದುಬಿಡೋಣ ಎನ್ನಿಸಿತು.

ಒಳಗೆ ಮಿಚಿಕೋಳ ಗಂಡ, ಬಿಳಿ ಗಡ್ಡದ ಅಮೆರಿಕನ್ ಪ್ರೊಫೆಸರ್. ಹೀಟರ್ ಜೋರಾಗಿ ಉರಿಯುತ್ತಿತ್ತು. "ಪ್ಲೀಸ್, ಕೋಟ್," ಎಂದು ಮಿಚಿಕೋಳ ಗಂಡ ಕೈ ಚಾಚಿದರು. ನಾನು ನಿಮ್ಮ ತಾತನಿಗೆ ಕಣ್ಸನ್ನೆ ಮಾಡಿದೆ. ಬೇಡ ಎಂದು ತಲೆ ಆಡಿಸಿದೆ. ಅವರು ಕೋಟು ತೆಗೆದು ಕೊಟ್ಟೇಬಿಟ್ಟರು. ನೆಟ್ಟಗೆ ನಿಂತಿರುವವರೆಗೆ ಏನೂ ಕಾಣಲಿಲ್ಲ.

ಮಿಚಿಕೋ ಬಟ್ಟೆ ಬಿಚ್ಚಿ ಡಬ್ಬಿಯನ್ನು ಮೇಜಿನ ನಡುವೆ ಇಟ್ಟಳು. ಪ್ರೊಫೆಸರಿಗೆ ಇಂಥ ವಸ್ತುಗಳೆಂದರೆ ಪ್ರಾಣವಂತೆ! ಎತ್ತಿಕೊಂಡರು. ಕೊಕ್ಕರೆಗಳನ್ನು ಹೊಗಳಿದರು. ಅಲೆಗಳನ್ನು ಹೊಗಳಿದರು. ಆಮೇಲೆ ಕನ್ನಡಕ ಏರಿಸಿದರು. ಇಳಿಸಿದರು. ಮತ್ತೆ ಏರಿಸಿದರು.

"ಹೌ ಅನ್‌ಯೂಶುವಲ್," ಎಂದರು. "ದಿಸ್ ಮೂನ್."

ಏನು ಏನು ಎಂದು ನಿಮ್ಮ ತಾತ ಕುತೂಹಲದಿಂದ ಮೇಜಿನ ಮೇಲೆ ಬಗ್ಗಿದರು. ಅಂಗಿ ಹೊಟ್ಟೆಯ ಹತ್ತಿರ ಕಿಟಕಿಯಂತೆ ತೆರೆದುಕೊಂಡಿತು. ಒಳಗಿನ ಬನಿಯನ್ ಎಲ್ಲರಿಗೂ ದರ್ಶನ ಕೊಟ್ಟಿತು. ಪ್ರೊಫೆಸರ್ ಚಂದ್ರನನ್ನು ನೋಡಿದರು. ಅಂಗಿಯ ಮೇಲಿನ ಗುಂಡಿಯನ್ನು ನೋಡಿದರು. ಕೆಳಗಿನ ಗುಂಡಿಯನ್ನು ನೋಡಿದರು. ನಡುವಿನ ಖಾಲಿ ಜಾಗವನ್ನು ನೋಡಿದರು. ಮತ್ತೆ ಚಂದ್ರನನ್ನು ನೋಡಿದರು.

"ಲೇ ಕಮಲಾ," ಎಂದರು ನಿಮ್ಮ ತಾತ ನಿಧಾನವಾಗಿ, "ಅದು ನಂದು ಕಣೇ!"

ಮಿಚಿಕೋ ಡಬ್ಬಿಯನ್ನು ತೆಗೆದುಕೊಂಡಳು. ಮುಖದ ಹತ್ತಿರ ತಂದು ನೋಡಿದಳು. ಅವಳ ಭುಜ ನಡುಗತೊಡಗಿತು. ಅಳುತ್ತಿದ್ದಾಳೆ! ಅಜ್ಜಿಯ ನೆನಪನ್ನು ಹಾಳು ಮಾಡಿದೆ! ನಾನು ಕೈ ಮುಗಿದು, ನನಗೆ ಬರುವ ಇಂಗ್ಲಿಷನ್ನೆಲ್ಲ ಒಟ್ಟುಗೂಡಿಸಿ, "ಸಾರಿ. ಐ ವಾಷ್. ಮೂನ್ ಗೋ," ಎಂದೆ. ಆಮೇಲೆ ಬಂದದ್ದು ಕಣ್ಣೀರು.

ಮಿಚಿಕೋ ಬಾಯಿಗೆ ಕೈ ಅಡ್ಡ ಹಿಡಿದು ತಲೆಯೆತ್ತಿದಳು. ಅವಳು ನಗುತ್ತಿದ್ದಳು. ನಿಲ್ಲಲಾರದೆ ಕುರ್ಚಿ ಹಿಡಿದುಕೊಂಡು ನಗುತ್ತಿದ್ದಳು!

"ನೋ, ನೋ, ಕಮಲಾ-ಸಾನ್! ನೋ ಮೂನ್! ಲಿಟಲ್ ಗರ್ಲ್ ಟೈಮ್... ನೋ ಮೂನ್!"

ಅವಳ ಗಂಡ ಬಿಡಿಸಿ ಹೇಳಿದರು. ಆರು ವರ್ಷದವಳಿದ್ದಾಗ ಮಿಚಿಕೋ ಹೇರ್‌ಪಿನ್ನಿನಿಂದ ಆ ಚಂದ್ರನನ್ನು ತಾನೇ ಕಿತ್ತಿದ್ದಳಂತೆ, ಗೊಂಬೆಗೆ ತಟ್ಟೆ ಬೇಕೆಂದು. ಎಲ್ಲಿ ಬಿತ್ತೋ ತಿಳಿಯದು. ಅಜ್ಜಿ ಕೇಳಿದರೆ, "ಮೋಡ ಬಂದಿದೆ," ಎಂದಿದ್ದಳಂತೆ. ಅಜ್ಜಿ ಬೈಯಲಿಲ್ಲವಂತೆ. ಸಾಯುವವರೆಗೂ ಡಬ್ಬಿ ತೆಗೆದಾಗಲೆಲ್ಲ, "ಇವತ್ತೂ ಮೋಡವೇ?" ಎಂದು ಕೇಳುತ್ತಿದ್ದರಂತೆ.

ಕಪ್ಪು ಡಬ್ಬಿಯ ಕಪ್ಪು ಕುಳಿ. ಸೀಗೆಪುಡಿ ತುಂಬುವವರೆಗೂ ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ! ರೆಕ್ಕೆಯಲ್ಲಿ ನಲವತ್ತೊಂದು ಚೂರು ಎಣಿಸಿದ ಮಹಾತಾಯಿ ಮುಚ್ಚಳವನ್ನು ಪೂರ್ತಿ ನೋಡಿರಲಿಲ್ಲ. ಇಲ್ಲದ ಚಂದ್ರನಿಗಾಗಿ ಪೈಪು ಬಿಚ್ಚಿಸಿದೆ, ಕೆಳಗಿನ ಮನೆಗೆ ನೀರು ಹರಿಸಿದೆ, ಗಂಡನ ಕೈಲಿ ಎಂಬತ್ತು ಮೈಲಿ ಕಾರು ಓಡಿಸಿದೆ, ಅವರ ಮದುವೆ ಅಂಗಿಯ ಗುಂಡಿ ಕತ್ತರಿಸಿದೆ. ಎದುರು ಬಾಗಿಲು ಎಂಟು ಹೆಜ್ಜೆ ದೂರದಲ್ಲಿತ್ತು. ತಟ್ಟಿ ಕೇಳಲಿಲ್ಲ!

ಗುಂಡಿಯನ್ನು ಕೀಳಲು ಹೋದ ತನ್ನ ಗಂಡನ ಕೈಯನ್ನು ಮಿಚಿಕೋ ಪಟ್ಟನೆ ಹೊಡೆದಳು. "ಟುಡೇ, ನೋ ಕ್ಲೌಡ್," ಎಂದಳು. ಡಬ್ಬಿ ಮಂಕಾಗಿದ್ದನ್ನೂ ಅವಳು ಗಮನಿಸಿದಳು. ಮೆತ್ತನೆಯ ಬಟ್ಟೆಯಿಂದ ನಿಧಾನವಾಗಿ ಒರೆಸಿದಳು. ಎಲ್ಲ ಕಡೆ ಹೊಳಪು ಬಂತು, ಒಂದು ಮೂಲೆ ಬಿಟ್ಟು. ಅದು ನನ್ನದೇ ಕೆಲಸ. ಅದಕ್ಕೆ ಯಾವ ಮೋಡವೂ ಕಾರಣವಲ್ಲ.

ಎರಡು ದಿನದ ಮೇಲೆ ಬಾಗಿಲು ತಟ್ಟಿದ ಸದ್ದು. ಈ ಸಲ ಬಚ್ಚಲಿಗೆ ಓಡಲಿಲ್ಲ. ಮಿಚಿಕೋ ಡಬ್ಬಿ ಕೊಟ್ಟು, ಬಗ್ಗಿ, ಬಾಯಿಗೆ ಕೈ ಅಡ್ಡ ಹಿಡಿದು ಓಡಿಹೋದಳು. ತೆರೆದೆ. ತಿಂಡಿ ಇರಲಿಲ್ಲ. ಬಿಳಿ ಕಾಗದದಲ್ಲಿ ಅಚ್ಚುಕಟ್ಟಾಗಿ ಮಡಚಿಟ್ಟ ಒಂದು ಪೊಟ್ಟಣ, ಅದರೊಳಗೆ ಒಂದು ನೀಲಿ ಅಂಗಿ ಗುಂಡಿ! ಜೊತೆಗೆ ಸೂಜಿ, ದಾರ.

ನಿಮ್ಮ ತಾತ ಆ ಅಂಗಿಯನ್ನು ಅದೇ ಗುಂಡಿಯೊಂದಿಗೆ ಎಷ್ಟೋ ವರ್ಷ ಹಾಕಿಕೊಂಡರು. ನಾಲ್ಕು ಚಿಪ್ಪಿನವು, ನಡುವೆ ಒಂದು ನೀಲಿ ಪ್ಲಾಸ್ಟಿಕ್ಕು. ಯಾರಾದರೂ ಕೇಳಿದರೆ, "ಒಂದು ಗುಂಡಿ ಆಕಾಶದಲ್ಲಿದೆ," ಎನ್ನುತ್ತಿದ್ದರು. ಅವರು ಹೋಗುವ ಮುಂಚೆ ಆಸ್ಪತ್ರೆಯಲ್ಲೂ ಒಮ್ಮೆ ಹಾಗೆಂದು ನರ್ಸಿಗೆ ದಿಗಿಲು ಹುಟ್ಟಿಸಿದ್ದರು.

ಬೇಸಿಗೆಯಲ್ಲಿ ಮಿಚಿಕೋ ಊರಿಗೆ ಹೊರಟಳು. ಆ ದಿನ ಡಬ್ಬಿ ನಮ್ಮ ಕಡೆ ಇತ್ತು. ಚಕ್ಕುಲಿ ತುಂಬಿಕೊಂಡು ಮೆಟ್ಟಿಲಿಳಿದು ಓಡಿದೆ. ಅವಳು ಟ್ಯಾಕ್ಸಿಯ ಕಿಟಕಿಯಿಂದ ಕೈ ಚಾಚಿ, ಮುಚ್ಚಳ ತೆಗೆದು, ಚಕ್ಕುಲಿಯನ್ನೆಲ್ಲ ಕರವಸ್ತ್ರಕ್ಕೆ ಸುರಿದುಕೊಂಡಳು. ಡಬ್ಬಿಯನ್ನು ನನ್ನ ಕಡೆ ತಳ್ಳಿದಳು. "ಯೂ ಬ್ರಿಂಗ್. ಜಪಾನ್," ಎಂದಳು. ಟ್ಯಾಕ್ಸಿ ಹೊರಟಿತು.

ನಾನು ಒಯ್ಯಲಿಲ್ಲ. ಮೊದಮೊದಲು ಕಾಗದಗಳು ಬರುತ್ತಿದ್ದವು, ಆಮೇಲೆ ನಿಂತವು. ಬಾಗಿಲು ತಟ್ಟಲು ಕಲಿತವಳು ಅಷ್ಟು ದೂರದ ಬಾಗಿಲನ್ನು ತಟ್ಟಲಿಲ್ಲ. ದೇವರಮನೆಯ ಮೇಲಿನ ಕಪಾಟಿನಲ್ಲಿ ಹಳೆಯ ಸೀರೆಯಲ್ಲಿ ಸುತ್ತಿಟ್ಟಿದ್ದೇನಲ್ಲ, ನೀವು ಮುಟ್ಟಲು ಹೋದರೆ ಕೂಗುತ್ತೇನಲ್ಲ, ಅದೇ ಈ ಡಬ್ಬಿ. ಇಳಿಸಿ ನೋಡಿ. ಕಿಟಕಿಯ ಹತ್ತಿರ ಒಯ್ದು ಓರೆ ಮಾಡಿ. ಮುಚ್ಚಳವನ್ನು ಪೂರ್ತಿ ನೋಡಿ, ನನ್ನ ಹಾಗೆ ರೆಕ್ಕೆಯ ಚೂರು ಎಣಿಸಿ ನಿಲ್ಲಿಸಬೇಡಿ.

ಈ ಹಾಳೆಗಳನ್ನು ಕಳೆಯಬೇಡಿ ಮಕ್ಕಳೇ. ಆ ಡಬ್ಬಿಯೊಳಗೇ ಇಡಿ. ನಿಮ್ಮಲ್ಲಿ ಯಾರಾದರೂ ಮುಂದೆ ಜಪಾನಿಗೆ ಹೋಗಿ ಮಿಚಿಕೋಳ ಮನೆಯವರನ್ನು ಹುಡುಕಿ ಕೊಡುವುದಾದರೆ ಇವುಗಳ ಸಮೇತ ಕೊಡಿ. ಖಾಲಿ ಕೊಡಬಾರದಲ್ಲ!

ಧೂಳು ಕೂತಿದ್ದರೆ ಒಣಬಟ್ಟೆಯಿಂದ ಮೆಲ್ಲಗೆ ಒರೆಸಿ, ಸಾಕು. ದಯವಿಟ್ಟು ತೊಳೆಯಬೇಡಿ. ತೊಳೆಯುವುದರಲ್ಲಿ ನಮ್ಮ ಮನೆತನಕ್ಕೆ ಈಗಾಗಲೇ ಬೇಕಾದಷ್ಟು ಹೆಸರು ಬಂದಿದೆ!